ಸತ್ತವನಿಗೆ ವನ್ಸ್ ಮೋರ್

"ರಸಿಕ ಮಹಾಜನರಲ್ಲಿ ಸವಿನಯ ವಿಜ್ಞಾಪನೆ! ರಾಸ್ಪುಟಿನ್ ಬಾಬಾನ ಬಾಡಿಗೆ ಗಡ್ಡ ಇಳಕಲ್ಲಿನಿಂದ ಸುಖವಾಗಿ ಬಂದು ತಲುಪಿದೆ!" ಎಂದು ಮೈಕು ಸಾರಿದ ಮೇಲೆಯೇ ನವನಗರದಲ್ಲಿ ನಾಟಕದ ಪರದೆ ಎದ್ದಿತ್ತು.

ರಷ್ಯಾದ ರಾಜಕುಮಾರನನ್ನು ಬರೀ ಮುಟ್ಟಿ ಗುಣಪಡಿಸಿದ್ದ ಬಾಬಾನ ವೇಷದ, ಆ ಗಡ್ಡದ ಅಂದಪ್ಪ, ಈಗ ಕೊಲೆಗಾರನ ಪಾತ್ರದ ಆಸಿಫನ ಗುಂಡು ತಿಂದು ಹಾಡುತ್ತಲೇ ಸತ್ತ. ಇನ್ನು ಆಸಿಫನ ವಿಜಯಗೀತೆ. ನಾಟಕದಲ್ಲಿ ಅವನಿಗಿದ್ದದ್ದು ಅದೊಂದೇ ಹಾಡು. ಕೇಳಲೆಂದೇ ಹೆಂಡತಿ ನರ್ಗೀಸ ಮುಂದೆ ಕೂತಿದ್ದಳು.

"ವನ್ಸ್ ಮೋರ್!" ಜನ ಕೂಗಿದರು. ಆ ಕೂಗು ಬಿದ್ದರೆ ಹೆಣವೂ ಏಳಬೇಕು, ಅದು ನಾಟಕದವರ ರಿವಾಜು. ಅಂದಪ್ಪ ಎದ್ದು, ಗುಂಡು ತಿಂದು, ಹಾಡಿ ಮತ್ತೆ ಸತ್ತ. ಮತ್ತೆ ವನ್ಸ್ ಮೋರ್. ಈ ಸಲ ದನಿ ನರ್ಗೀಸಳದು! ಆಸಿಫ ಕಕ್ಕಾಬಿಕ್ಕಿಯಾಗಿ ಪಿಸ್ತೂಲು ಒತ್ತಿದ. ಟಿಕ್ ಎಂದಿತಷ್ಟೆ, ಒಳಗಿನ ಪಟಾಕಿ ತೀರಿತ್ತು.

"ಸಾಯೋ ಲೇ ಅಂದಪ್ಪಾ! ನಾ ಹಾಡೂದು ಯಾವಾಗ?"

"ಢಂ ಅನ್ನಲಾರದ ಹೆಂಗ ಸಾಯ್ಲೋ?" ಎಂದು ಗಡ್ಡ ನೀವಿಕೊಂಡ ಅಂದಪ್ಪ ಹೊಸ ಹಾಡೆತ್ತಿದ.