ಬರೆದ ಕಾರ್ಡೇ ಓದಬೇಕು

"ಬಾಗಿಲು ಸ್ವಲ್ಪ ಮುಂದೆ ಮಾಡ್ತೀರಾ?" ಎಂದು ಕೇಳಿ, ಮಂಜೇಶ ಹಾಗೆ ಮಾಡಿದ ಮೇಲೆಯೇ ಆಕೆ ಗಂಟು ಬಿಚ್ಚಿದ್ದು.

ನೇರಳೆ ಬಣ್ಣದ ದುಪಟ್ಟಾ. ಅದರೊಳಗೆ ಇಟ್ಟಿಗೆಯಂಥ ಒಂದು ಹಾರ್ಡ್ ಡಿಸ್ಕು. ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮಂಜೇಶ ಅಂಥದ್ದನ್ನು ಕಂಡು ಎಷ್ಟೋ ಕಾಲವಾಗಿತ್ತು. ಎರಡು ಸಾವಿರದ ಏಳನೇ ಇಸವಿಯಲ್ಲಿ ಅದನ್ನು ಯಾರೂ ಮೂಸಿ ಕೂಡ ನೋಡುತ್ತಿರಲಿಲ್ಲ.

ಆಕೆಯ ಹೆಸರು ಶ್ರೀರಂಗಮ್ಮ. ಹೊಳೆನರಸೀಪುರದಲ್ಲಿ ಟೀಚರ್. ಡಿಸ್ಕು ಅರಕಲಗೂಡಿನಲ್ಲಿ ಎಂದೋ ಮುಚ್ಚಿಹೋದ ಒಂದು ನರ್ಸಿಂಗ್ ಹೋಮಿನದಂತೆ. ಅಲ್ಲಿ ನರ್ಸಾಗಿದ್ದ ಮಾರಮ್ಮ, ಹೆರಿಗೆಯ ವಿವರವೆಲ್ಲ ಇದರಲ್ಲೇ ಇದೆ ಎಂದು ಇದೊಂದನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟಿದ್ದಳಂತೆ.

"ಇದ್ರಲ್ಲಿರೋದನ್ನ ಓದಕ್ಕಾಗತ್ತಾ? ಅಷ್ಟು ಹೇಳಿ, ಸಾಕು."

ಏನು ಬೇಕಾಗಿತ್ತು ಎಂದು ಮಂಜೇಶ ಕೇಳಿದ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಆಕೆ ಒಂದು ಹೆಣ್ಣುಮಗುವಿನ ವಿಷಯ ಹೇಳಿದರು. ಹುಟ್ಟಿದ ಕೂಡಲೇ ಬೇರೆಯವರ ಮಡಿಲಿಗೆ ಹೋದ ಮಗು. ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು, ಊರು, ಎಲ್ಲವನ್ನೂ ಡಾಕ್ಟರು ಇದರಲ್ಲಿ ಬರೆದಿಟ್ಟಿದ್ದರಂತೆ. ಆ ಮಗುವಿಗೆ ಈಗ ಹದಿನೆಂಟು.

ಇನ್ನು ಬಿಡಿಸಿ ಕೇಳುವುದೇನಿದೆ?

ಮಂಜೇಶ ಮೂಲೆಯಲ್ಲಿದ್ದ ಹಳೇ ಮಷೀನು ಹೊರಗೆಳೆದು, ಡಿಸ್ಕು ಓದಿಸಲು ಅದರೊಳಗೆ ಕೂರಿಸಿದ್ದ ಕಾರ್ಡಿಗೆ ಡಿಸ್ಕಿನ ಪಟ್ಟಿ ವೈರು ಸಿಕ್ಕಿಸಿದ. ಡಿಸ್ಕು ಗೊರ್ರೆಂದು ತಿರುಗಿತು. ಪರದೆಯ ಮೇಲೆ ಮಾತ್ರ ಒಂದಕ್ಷರವೂ ಮೂಡಲಿಲ್ಲ.

"ಆಗಾಕಿಲ್ಲ ಕಣಮ್ಮ. ಆ ಕಾಲದ ಡಿಸ್ಕೇ ಅಂಗೆ. ಯಾವ ಕಾರ್ಡು ಬರೆದಿರ್ತದೋ ಅದೇ ಓದ್ಬೇಕು. ಬ್ಯಾರೆ ಕಾರ್ಡಿಗೆ ಇದು ಖಾಲಿ ಡಿಸ್ಕು."

"ಬೆಂಗಳೂರಿಗೆ ತೊಗೊಂಡ್ಹೋದ್ರೂ ಆಗಲ್ವಾ? ಖಂಡಿತಾನಾ?"

"ಆ ಕಾರ್ಡಿಲ್ದೆ ಎಲ್ಲೋದ್ರೂ ಅಷ್ಟೇಯ."

ಶ್ರೀರಂಗಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಕಣ್ಣಿಂದ ದಳದಳ ನೀರು ಇಳಿಯಿತು. ಕಾರ್ಡು ಇದ್ದ ಕಂಪ್ಯೂಟರಿನ ಡಬ್ಬ ಏನಾಯಿತು ಎಂದು ಮಂಜೇಶ ಕೇಳಿದ್ದಕ್ಕೆ, ಅದನ್ನು ಚನ್ನರಾಯಪಟ್ಟಣದ ಗುಜರಿ ಗುಂಡಯ್ಯನಿಗೆ ಮಾರಿದರೆಂದು ಮಾರಮ್ಮ ಫೋನಿನಲ್ಲಿ ಹೇಳಿದಳು, ಯಾವತ್ತೋ ಕರಗಿ ತಗಡಾಗಿರುತ್ತದೆ ಎಂದರು. ಆಮೇಲೆ ಗಡಿಯಾರ ನೋಡಿ ಗಡಬಡಿಸಿ ಎದ್ದರು. ಆ ಗಡಿಬಿಡಿಯಲ್ಲೂ ದುಪಟ್ಟಾವನ್ನು ಮೊದಲಿನ ಮಡಿಕೆಗೇ ಮಡಚಿ, ಮೊದಲಿನ ಹಾಗೆಯೇ ಗಂಟು ಹಾಕಿದರು.

ಸಿಕ್ಕರೆ ತಿಳಿಸುತ್ತೇನೆ, ನಂಬರು ಕೊಡಿ ಎಂದು ಮಂಜೇಶನೇ ದುಂಬಾಲು ಬಿದ್ದ. ಮನೆಗೆ ಮಾತ್ರ ಫೋನ್ ಮಾಡಬೇಡಿ ಎಂದು ಆಕೆ ಸ್ಕೂಲಿನ ನಂಬರು ಕೊಟ್ಟರು. ಗಂಡನಿಗೂ ಹೇಳದ ಹಳೇ ನೋವಿರಬೇಕು, ಪಾಪ, ಎಂದುಕೊಂಡ.

ಒಳ್ಳೆಯತನಕ್ಕೂ ಒಂದು ಮಿತಿ ಬೇಕು ನೋಡಿ. ಮಂಜೇಶನಿಗೆ ಅದಿರಲಿಲ್ಲ. ಯಾರಾದರೂ ಎದುರಿಗೆ ಕೂತು ಕಣ್ಣೀರಿಟ್ಟರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಭಾನುವಾರ ಅಂಗಡಿ ಮುಚ್ಚಿ ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಇಡೀ ಗುಜರಿಯನ್ನು ಬುಡಮೇಲು ಮಾಡಿದ. ನಿಧಿಗಿಧಿ ಹುಡುಕ್ತಿದೀಯೇನ್ಲಾ ಎಂದು ಗುಂಡಯ್ಯ ಕಿಚಾಯಿಸಿದ. ಕೊನೆಗೆ ನೋಡಿದರೆ ಗುಂಡಯ್ಯ ಕೂತಿದ್ದೇ ಆ ಡಬ್ಬದ ಮೇಲೆ. ಅದರ ಬದಿಯಲ್ಲಿ ನರ್ಸಿಂಗ್ ಹೋಮಿನ ಹೆಸರು ಇನ್ನೂ ಮಾಸಿರಲಿಲ್ಲ. ಮುಚ್ಚಳ ತೆಗೆದರೆ, ಧೂಳು ಮುಕ್ಕಿಕೊಂಡು ಕಾರ್ಡು ಒಳಗೇ ಇತ್ತು.

ಮಾರನೇ ದಿನ ಸ್ಕೂಲಿಗೆ ಫೋನ್ ಮಾಡಿದ. ಕಾರ್ಡು ಸಿಕ್ಕಿತು ಎಂದ.

"ಯಾಕಪ್ಪಾ ಹುಡುಕಕ್ಕೆ ಹೋದ್ರಿ..." ಎಂದರು ಶ್ರೀರಂಗಮ್ಮ.

ಸಂತೋಷ ಹೆಚ್ಚಾದಾಗ ಜನ ಹೀಗೂ ಮಾತಾಡುತ್ತಾರೆ ಎಂದುಕೊಂಡ ಮಂಜೇಶ.

ಮರುದಿನ ಬೆಳಿಗ್ಗೆಯೇ ಆಕೆ ಅದೇ ನೇರಳೆ ಗಂಟು ಹಿಡಿದು ಬಂದರು. ಕಾರ್ಡು ಕೂರಿಸಿ ಸ್ವಿಚ್ಚು ಒತ್ತಿದ. ಡಿಸ್ಕು ತಿರುಗಿತು, ತಡವರಿಸಿತು, ಪರದೆಯ ಮೇಲೆ ಇಸವಿಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಮಂಜೇಶ ಕಣ್ಣೊರೆಸಿಕೊಂಡು, ಹುಟ್ಟಿದ ತಾರೀಕು ಹೇಳಿ ಎಂದ.

ಶ್ರೀರಂಗಮ್ಮನ ಕೈ ಸ್ವಿಚ್ಚಿಗೆ ಹೋಯಿತು. ಪರದೆ ಆರಿತು.

"ಬೇಡ. ಇದ್ರಲ್ಲಿ ಇದೆ ಅಂತ ಗೊತ್ತಾಯ್ತಲ್ಲ, ಸಾಕು. ಕಾರ್ಡೂ ನಂಗೇ ಕೊಟ್ಬಿಡಿ."

ಅಂಥದೇ ಕಾರ್ಡು ಇನ್ನೆಲ್ಲಾದರೂ ಸಿಕ್ಕೀತೇ ಎಂದು ಕೇಳಿದರು. ಎಲ್ಲೂ ಸಿಕ್ಕುವುದಿಲ್ಲ ಎಂದ. ನಕಲು ಇಟ್ಟುಕೊಂಡಿಲ್ಲವಲ್ಲ ಎಂದರು. ಇಲ್ಲವೆಂದು ಆಣೆ ಮಾಡಿದ. ಇಷ್ಟು ವರ್ಷ ಕಾದ ಜೀವ, ಹೊಸ್ತಿಲಿಗೆ ಬಂದಾಗ ಅಳುಕುವುದು ಸಹಜವೇ. ತನ್ನವರು ಯಾರನ್ನಾದರೂ ಜೊತೆ ಮಾಡಿಕೊಂಡು ಬರಲಿ, ಆಗಲೇ ಓದಿದರಾಯಿತು ಎಂದು ಕಾರ್ಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ.

"ತಾಯಿ ಮಗೀನ ದೂರ ಮಾಡೋದು ಪಾಪ ಕಣಮ್ಮ. ಇನ್ನೆಲ್ಲಾ ಒಳ್ಳೇದಾಯ್ತದೆ ಬುಡಿ."

ಆ ಮಾತಿಗೆ ಆಕೆಯ ಮುಖ ಸುಣ್ಣವಾಯಿತು. ಕೈಮುಗಿದು ಹೊರಟೇಬಿಟ್ಟರು.

ಹೊಳೆನರಸೀಪುರದಲ್ಲಿ ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಹೇಮಾವತಿಯ ಸೇತುವೆಗೆ ನಡೆದರು. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿ, ಪೇಪರಿನ ಪೊಟ್ಟಣವನ್ನು ಹೊಳೆಗೆ ಬಿಟ್ಟರು. ಡಿಸ್ಕನ್ನಲ್ಲ, ಕಾರ್ಡನ್ನು ಮಾತ್ರ. ಮಾಡುತ್ತಿರುವುದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದರು. ಆಮೇಲೆ ಕಂಬಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು.

ಮನೆಗೆ ಬಂದು ಒಳಕೋಣೆಯಲ್ಲಿದ್ದ ಮಗಳ ಟ್ರಂಕು ತೆಗೆದರು. ಚೂಡಿದಾರಗಳ ಅಡಿಯಲ್ಲಿ ನೇರಳೆ ಗಂಟನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಮುಚ್ಚಿದರು. ಸಂಜೆ ಇಂಚರ ಕಾಲೇಜಿನಿಂದ ಬಂದವಳೇ ಕಾಫಿಯನ್ನೂ ಕುಡಿಯದೆ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

"ಅಮ್ಮಾ, ನಿಂಗೆ ಹೇಳದೆ ಒಂದು ಕೆಲ್ಸ ಮಾಡ್ದೆ, ಬೇಜಾರ್ ಮಾಡ್ಕೋಬೇಡ. ನನ್ನ ಹೆತ್ತೋಳು ಯಾರು ಅಂತ ಬರೆದಿರೋ ಡಿಸ್ಕನ್ನ ನರ್ಸ್ ಮಾರಮ್ಮನ ಹತ್ರ ಇಸ್ಕೊಂಡ್ಬಂದಿದೀನಿ. ಹಾಸನದಲ್ಲಿ ಮಂಜೇಶ ಅಂತ ಒಬ್ರು ಇಂಥದ್ದನ್ನ ನೋಡ್ಕೊಡ್ತಾರಂತೆ. ಒಬ್ಳೇ ಹೋಗಕ್ಕೆ ಭಯ ಆಗತ್ತೆ. ನಾಳೆ ನೀನೂ ಬರ್ತೀಯಾ?"