ಕಲೆ ತೆಗೆಯುವ ಸಾಫ್ಟ್‌ವೇರ್

ಸಾರಿಕಾಳ ಫೋನು ಬಿಡದೆ ಬಡಿದುಕೊಳ್ಳುತ್ತಿತ್ತು. ಅವಳು ಬಚ್ಚಲಲ್ಲಿದ್ದಳು, ಹಾಗಾಗಿ ಗಂಡ ಸೋಮೇಶನೇ ಎತ್ತಿ "ಹಲೋ" ಅಂದ. ಅಂದದ್ದೇ ತಡ, ತಡವಳ ಊರಿನಿಂದ ಅತ್ತೆ ದ್ರೌಪದಿ ಗೊಳೋ ಎಂದು ಅತ್ತುಬಿಟ್ಟರು.

"ಅಯ್ಯ ಅಳಿಯಂದ್ರ, ನೀವ ಮಾತಾಡಾಕತ್ತೀರೇನ್ರಿ?"

"ಹೂಂನ್ರಿ ಅತ್ತಿ, ನಾನ ರಿ. ಯಾಕ, ಏನಾತು?"

"ನಿಮಗೇನೂ ಆಗಿಲ್ಲಲ್ಲರಿ? ಖರೇ ಹೇಳ್ರಿ. ಫೋಟೊದಾಗ ನಮ್ಮ ಸಾರಿಕಾನ ಹಣಿ ಬೋಳ ಅದ! ನಿಮ್ಮ ಮಾವ ಆಗಲೇ ಎಸ್.ಟಿ. ಬಸ್ಸು ಹತ್ತಾಕ ಹೋಗ್ಯಾರ."

ಸೋಮೇಶನಿಗೆ ತಲೆಬುಡ ತಿಳಿಯಲಿಲ್ಲ. ತಾನು ಗಟ್ಟಿಮುಟ್ಟಾಗಿದ್ದೇನೆ, ಈಗಷ್ಟೇ ರೊಟ್ಟಿ ತಿಂದು ಎದ್ದೆ ಎಂದು ಆಣೆ ಮಾಡಿ ಹೇಳಿ, ಮಾವನನ್ನು ಸ್ಟ್ಯಾಂಡಿನಿಂದ ವಾಪಸ್ಸು ಕರೆಸುವ ಹೊತ್ತಿಗೆ ಅವನಿಗೇ ತಾನು ಬದುಕಿರುವುದರ ಬಗ್ಗೆ ಸಣ್ಣ ಅನುಮಾನ ಬಂದಿತ್ತು. ಫೋನಿಟ್ಟವನೇ ಮನೆಮಂದಿ, ಬೀಗರೆಲ್ಲ ಇರುವ ವಾಟ್ಸಾಪ್ ಗ್ರೂಪ್ ತೆರೆದ. ತೆರೆದು ಹಾಗೇ ಕೂತ.

ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿರುವ ಸೋಮೇಶನಿಗೆ ಫೋಟೋದ ಹುಚ್ಚು. ಕಂಡದ್ದೆಲ್ಲ ತೆಗೆದು ತೆಗೆದು ಲ್ಯಾಪ್‌ಟಾಪ್ ತುಂಬಿಹೋಗಿತ್ತು. ಅವನ್ನು ಹಸನು ಮಾಡಿ ಜೋಡಿಸಿಡಲು ಎರಡು ಸಾಫ್ಟ್‌ವೇರ್‌ಗಳನ್ನು ಪುಕ್ಕಟೆ ಟ್ರಯಲ್ ಮೇಲೆ ತಂದುಕೊಂಡಿದ್ದ. ಒಂದು, ಮುಖ ಗುರುತು ಹಿಡಿದು ಯಾರ್ಯಾರ ಫೋಟೋ ಅವರವರ ಹೆಸರಿಗೆ ಚೊಕ್ಕವಾಗಿ ಜೋಡಿಸುತ್ತಿತ್ತು, ಆದರೆ ತಿದ್ದುವುದನ್ನೆಲ್ಲ ಕೈಯಾರೆ ನಾವೇ ತಿದ್ದಬೇಕು. ಇನ್ನೊಂದಕ್ಕೆ ಜೋಡಿಸಲು ಬಾರದು, ಆದರೆ ಒಂದು ಗುಂಡಿ ಒತ್ತಿದರೆ ಸಾಕು, ಮುಖದ ಮೇಲಿನ ಕಲೆ ಮೊಡವೆಗಳನ್ನೆಲ್ಲ ತಾನೇ ಒರೆಸಿ ಕೊಡುತ್ತಿತ್ತು. ಎರಡರ ಟ್ರಯಲೂ ಮುಗಿಯುತ್ತ ಬಂದಿತ್ತು. ಯಾವುದನ್ನು ಕೊಳ್ಳಲಿ ಎಂದು ಚಾದರ ಕೊಳ್ಳಲು ಬಂದ ಗಿರಾಕಿಗಳನ್ನೂ ಬಿಡದೆ ಕೇಳಿದ್ದ. ಕೇಳಿದಷ್ಟೂ ತಲೆ ಕೆಟ್ಟಿತ್ತೇ ಹೊರತು ಒಂದೂ ಇತ್ಯರ್ಥವಾಗಿರಲಿಲ್ಲ.

ಸಂಕ್ರಾಂತಿಗೆ ಮನೆಯಲ್ಲಿ ನಡೆದ ಅರಿಸಿನ ಕುಂಕುಮದ ಫೋಟೋವನ್ನು ನಿನ್ನೆ ಸಂಜೆ ಆ ಎರಡನೆಯದಕ್ಕೆ ಕೊಟ್ಟು, ಗುಂಡಿ ಒತ್ತಿ, ಗಡಿಬಿಡಿಯಲ್ಲಿ ನೋಡದೆ ಗ್ರೂಪಿಗೆ ಹಾಕಿದ್ದ. ಪಾಪ, ಅದು ತನ್ನ ಕೆಲಸ ನಿಷ್ಠೆಯಿಂದ ಮಾಡಿತ್ತು. ಸಾಲಾಗಿ ನಿಂತ ಅಷ್ಟೂ ಹೆಂಗಸರ ಕುಂಕುಮವನ್ನು ಕಲೆ ಎಂದು ಒರೆಸಿತ್ತು. ಗಲ್ಲದ ಅರಿಸಿನವನ್ನು ಬಣ್ಣ ಕೆಟ್ಟಿದೆ ಎಂದು ತೊಳೆದಿತ್ತು. ಅತ್ತೆಗೆ ಮಾತ್ರ ಮಗಳ ಹಣೆಯೊಂದೇ ಕಂಡಿತ್ತು.

ಅಷ್ಟರಲ್ಲಿ ತಾಯಿ ಕಸ್ತೂರಬಾಯಿ ತಮ್ಮ ಫೋನು ಹಿಡಿದುಕೊಂಡೇ ಒಳಗೆ ನುಗ್ಗಿದರು.

"ಅಗಬಾಯಿ! ಏನ್ ಮಾಡಿಟ್ಟಿಯೋ ಸೋಮ್ಯಾ ಇದು? ಮುತ್ತೈದೇರ ಹಣಿ ಬೋಳ ಮಾಡಿ ಬೀಗರಿಗೆಲ್ಲಾ ಕಳಿಸಿಯಲ್ಲೊ!"

"ನಾ ಮಾಡಿಲ್ಲವಾ, ಸಾಫ್ಟ್‌ವೇರ್ ಮಾಡ್ಯದ. ಅದಕ್ಕ ಕುಂಕುಮ ಅಂದ್ರೇನು ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಅದನ್ನ ಮೊದಲ ತಗದ ಒಗಿ. ಫೋಟೊನೂ ಅಳಸು. ಇಂಥಾ ಹಣಿ ನಮ್ಮ ವೈರಿಗೂ ಬರಬಾರದು!"

ಅಡುಗೆಮನೆಯ ಬಾಗಿಲಲ್ಲಿ ತಂಗಿ ಪ್ರಣಿತಾ ಚಹದ ಕಪ್ಪು ಹಿಡಿದು ನಿಂತಿದ್ದಳು. ಮಂಗಳವೇಢೆಗೆ ಕೊಟ್ಟ ಹುಡುಗಿ, ಗಂಡ ತೀರಿಕೊಂಡ ಮೇಲೆ ಹೋದ ವರ್ಷ ತವರಿಗೆ ಬಂದವಳು. ಅವಳನ್ನು ಕಂಡ ಮೇಲೆಯೇ ಕಸ್ತೂರಬಾಯಿಗೆ ತಮ್ಮ ಬಾಯಿಂದ ಏನು ಬಿತ್ತೆಂದು ತಿಳಿದದ್ದು. ನಾಲಿಗೆ ಕಚ್ಚಿಕೊಂಡು, ದೇವರಿಗೆ ದೀಪ ಹಚ್ಚಿಲ್ಲ ಎಂದು ಏನೋ ಗೊಣಗುತ್ತ ಒಳಗೆ ಹೋದರು.

ಅರಿಸಿನ ಕುಂಕುಮದ ದಿನ ಪ್ರಣಿತಾ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಫೋಟೋ ತೆಗೆಯುವಾಗ ಸೋಮೇಶನೇ ಕೈ ಹಿಡಿದು ಎಳೆದು ತಂದು ಸಾರಿಕಾಳ ಪಕ್ಕಕ್ಕೆ ನಿಲ್ಲಿಸಿದ್ದ. ಆಗ ಒಂದಿಬ್ಬರು ಹೆಂಗಸರು ತುಸು ಸರಿದು ನಿಂತದ್ದು ಅವನ ಕಣ್ಣಿಗೂ ಬಿದ್ದಿತ್ತು. ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅವನಿಗೆ ಇವತ್ತಿಗೂ ತಿಳಿದಿರಲಿಲ್ಲ.

ಗ್ರೂಪಿನಿಂದ ಆ ಫೋಟೋ ತೆಗೆದುಹಾಕಿ, ಎಲ್ಲರ ಕ್ಷಮೆ ಕೇಳಿ, ತಿದ್ದದೆ ಇದ್ದ ಮೂಲ ಫೋಟೋವನ್ನೇ ಹಾಕಿದ. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಎರಡೂ ಫೋಟೋಗಳನ್ನು ಅಕ್ಕಪಕ್ಕ ತೆರೆದ. ಪ್ರಣಿತಾ ಚಹ ಇಟ್ಟು ಅಲ್ಲೇ ನಿಂತಳು. ಅವನು ತನಗೆ ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದ.

"ನೀನರ ಹೇಳವಾ, ಯಾವ ಸಾಫ್ಟ್‌ವೇರ್ ತಗೊಳ್ಳಲಿ? ನನಗಂತೂ ಒಂದೂ ತಿಳೀವಲ್ದು."

ಅವಳು ಬಗ್ಗಿ ಎರಡೂ ಫೋಟೋ ನೋಡಿದಳು. ಮೂಲ ಫೋಟೋದ ಮೇಲೆ ಅವಳ ಕಣ್ಣು ಹೆಚ್ಚು ಹೊತ್ತು ನಿಲ್ಲಲಿಲ್ಲ. ಇನ್ನೊಂದರಲ್ಲಿ ಮಾತ್ರ ಒಂದೊಂದೇ ಮುಖ ನೋಡುತ್ತ ಹೋದಳು. ಅವ್ವ, ವೈನಿ ಸಾರಿಕಾ, ಓಣಿಯ ಹೆಂಗಸರು, ತಾನು.

"ಅದು ಬಿಡವಾ, ಕೆಟ್ಟದ್ದು. ಅಳಸ್ತೀನಿ," ಎಂದು ಸೋಮೇಶ ಗುಂಡಿಯ ಮೇಲೆ ಬೆರಳಿಟ್ಟ.

ಪ್ರಣಿತಾ ಅವನ ಕೈ ಹಿಡಿದಳು.

"ಬ್ಯಾಡ ಅಣ್ಣಾ, ಇರಲಿ. ಇದೊಂದರಾಗ ನಾ ಯಾವಕಿ ಅಂತ ಹುಡುಕಬೇಕಾಗ್ತದ."