ಕಾವಿಗೆ ಕೂತ ಕೆಂಪು ಯಾಟೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನಗೆ ಆ ಕೆಂಪು ಯಾಟೆ ಕೋಳಿ ನೆನಪಾಗುತ್ತದೆ.

ಅಪ್ಪನನ್ನು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲೇ ಬಿಟ್ಟು ಬಂದ ಅಮ್ಮ ನನ್ನನ್ನು ಕಟ್ಟಿಕೊಂಡು ಕಾಮಸಮುದ್ರದ ಹತ್ತಿರ ತನ್ನ ತವರಿನಲ್ಲಿದ್ದಳು. ಅಷ್ಟರಲ್ಲಿ ಮಾವನಿಗೆ ಮದುವೆ ಗೊತ್ತಾಯಿತು. ಬೀಗರು ಬರುವ ಮನೆಯಲ್ಲಿ ಕೋಳಿ ಓಡಾಡಬಾರದೆಂದು ಅವನು ಹಿತ್ತಲಲ್ಲಿ ಸಿಮೆಂಟಿನ ಗೂಡು ಕಟ್ಟಿಸಿದ. ಅದರ ಪಕ್ಕದಲ್ಲೇ ನಮಗೂ ಒಂದು ತಗಡಿನ ಕೋಣೆ ಹಾಕಿಸಿದ.

ಆ ಮಧ್ಯಾಹ್ನ ಹಿತ್ತಲಿಗೆ ಮೊದಲು ನಮ್ಮ ಟ್ರಂಕು ಹೋಯಿತು, ಆಮೇಲೆ ಕೋಳಿಗಳು. ಪಡಸಾಲೆಯ ಮೂಲೆಯಲ್ಲಿ, ಹುಲ್ಲು ಹಾಸಿದ ಬಿದಿರ ಮಕ್ಕರಿಯಲ್ಲಿ ಕಾವಿಗೆ ಕೂತಿದ್ದ ಕೆಂಪು ಯಾಟೆ ಮಾತ್ರ ಏಳಲಿಲ್ಲ. ಅದರ ಬಿಸಿ ಹೊಟ್ಟೆಯ ಕೆಳಗೆ ಕೈ ತೂರಿಸಿದ ನನ್ನನ್ನು ರಕ್ತ ಬರುವಂತೆ ಕುಕ್ಕಿತು.

"ತಣ್ಣೀರಲ್ಲಿ ಅದ್ದಿದ್ರೆ ಕಾವೆಲ್ಲ ಇಳೀತದೆ," ಎಂದು ಮಾವ ಬಕೆಟ್ ತಂದ.

"ಬ್ಯಾಡ ಕಣ್ಲಾ, ಮೊಟ್ಟೆ ಕೆಡ್ತವೆ," ಎಂದಳು ಅಜ್ಜಿ. "ಕತ್ತಲಾದ್ಮೇಲೆ ಮಕ್ಕರಿ ಸಮೇತ ಎತ್ತಿಟ್ರೆ ಅದುಕ್ಕೆ ಗೊತ್ತೇ ಆಗಲ್ಲ."

ಅಮ್ಮ ಮಕ್ಕರಿಗೆ ಅಡ್ಡ ನಿಂತಳು. "ಯಾಕಮ್ಮ ಗೊತ್ತಾಗಲ್ಲ? ಗೊತ್ತಾಗ್ತದೆ. ಮರಿ ಮಾಡ್ಕೊಂಡು ಅದೇ ಎದ್ದು ಓಗೋಗಂಟ ಯಾರೂ ಕೈ ಹಾಕ್ಬ್ಯಾಡ್ರಿ."

"ಬೀಗರು ನೋಡಿದ್ರೆ ಏನಂತಾರಕ್ಕ?"

"ಮನೇಲಿ ಕೋಳಿ ಐತೆ ಅಂತಾರೆ."

ಅಷ್ಟು ಹೇಳಿ ಅಮ್ಮ ಹಿತ್ತಲಿಗೆ ಹೋದಳು. ನಮ್ಮ ಟ್ರಂಕನ್ನು ಒಬ್ಬಳೇ ತಲೆಯ ಮೇಲೆ ಹೊತ್ತು ತಂದು, ಮಕ್ಕರಿಯ ಪಕ್ಕದಲ್ಲಿಟ್ಟು, ಅದರ ಮೇಲೆ ಕೂತಳು.